ಪೆಣ್ಬುಯ್ಯಲ್: ಚಿಕ್ಕೋಡಿ ಸೀಮೆಯ ವಿದ್ಯಾರ್ಥಿನಿಯರ ರಕ್ಷಣೆಯ ಪೂರ್ವೋತ್ತರಗಳು

೧

ಕರ್ಣಾಟಕದ ವೀರಗಲ್ಲುಗಳಲ್ಲಿ ವೀರನ ಮರಣಸಂದರ್ಭವನ್ನು ತಿಳಿಸುವುದಕ್ಕೆ ಕೆಲವು ನಿಯತವಾದ ಮಾತುಗಳು ಬಳಕೆಯಾಗಿವೆ. ದನಗಳನ್ನು ಹಿಡಿದೊಯ್ಯುವುದು ತುಱುಗೋಳ್. ಊರಿನ ನಾಶವು ಊರಳಿವು. ಹೆಣ್ಣಿನ ಮೊರೆಯು ಪೆಣ್ಬುಯ್ಯಲ್. ಇವುಗಳಲ್ಲಿ ಕಡೆಯ ಶಬ್ದವು ವಿಶೇಷವಾದ ವಿಚಾರಕ್ಕೆ ಯೋಗ್ಯವಾಗಿದೆ. 'ಪುಯ್ಯಲ್' ಎಂಬುದಕ್ಕೆ ಕೂಗು, ಆರ್ತನಾದ, ಮೊರೆ ಎಂದು ಅರ್ಥ. 'ಪೆಣ್' ಎಂಬುದರೊಡನೆ ಸೇರಿದಾಗ ಪಕಾರಕ್ಕೆ ಬಕಾರವು ಆದೇಶವಾಗಿ ಬಂದಿದೆ. ಹೆಣ್ಣಿನ ಮೇಲೆ ಕೈಮಾಡಿದವರನ್ನು ತಡೆಯಲು ಓಡಿಬಂದು ಕಾದಿ ಮಡಿದವನಿಗೆ ಊರವರು ಕಲ್ಲನ್ನು ನಿಲ್ಲಿಸಿ, ನೆಲವನ್ನು ಬಿಟ್ಟು, ಆತನ ಹೆಸರನ್ನು ಚಿರವಾಗಿಸಿದರು. ಡಾಕ್ಟರ್ ಎಂ. ಚಿದಾನಂದಮೂರ್ತಿಯವರು ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ಈ ಬಗೆಯ ಕಲ್ಲುಗಳನ್ನು ಪರಿಶೀಲಿಸಿರುವುದು ವಿದ್ವಾಂಸರಿಗೆ ತಿಳಿದ ವಿಷಯವೇ ಆಗಿದೆ.

ಈ ಕಲ್ಲುಗಳಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಹೆಣ್ಣಿನ ಮೊರೆಯನ್ನು ಕೇಳಿಯೂ ಕೇಳದಂತಿರುವುದು ಅಂದಿನ ಗ್ರಾಮಸಮಾಜಕ್ಕೆ ಅವಮಾನಕರವಾಗಿ ತೋರುತ್ತಿತ್ತೆಂಬುದು ಮೊದಲನೆಯದು. ಎರಡನೆಯದು ಅಷ್ಟೇ ಮುಖ್ಯವಾದುದಾದರೂ ಸುಲಭವಾಗಿ ಕಣ್ಣಿಗೆ ಬೀಳುವಂಥದಲ್ಲ. ಕಲ್ಲಿನಲ್ಲಿ ವೀರನ ಹೆಸರುಂಟು, ಆತನ ಒಡೆಯನ ಹೆಸರುಂಟು, ಊರಿನ ಹೆಸರುಂಟು. ಕೂಗಿದವಳ ಹೆಸರು ಸಾಮಾನ್ಯವಾಗಿ ಇಲ್ಲ. ಆಕೆಗೆ ಏನಾಯಿತು, ಆಕೆ ಏನೆಂದು ಹೇಳಿದಳು, ಮುಂದೆ ಆಕೆಯನ್ನು ಮನೆಯವರೂ ಊರವರೂ ಹೇಗೆ ನಡೆಯಿಸಿಕೊಂಡರು ಎಂಬ ಪ್ರಶ್ನೆಗಳಿಗೆ ಕಲ್ಲು ಉತ್ತರ ಕೊಡುವುದಿಲ್ಲ. ದಾಖಲೆಯು ರಕ್ಷಿಸಿದವನದು, ಮೊರೆಯಿಟ್ಟವಳದಲ್ಲ.

ವಿದ್ಯಾಸಂಸ್ಥೆಗಳಲ್ಲಿ ಸ್ತ್ರೀಯರ ಮೇಲೆ ನಡೆಯುವ ಲೈಂಗಿಕ ಕಿರುಕುಳ ಮತ್ತು ಅತ್ಯಾಚಾರಗಳನ್ನು ತಡೆಯುವ ಬಗೆ ಯಾವುದು ಎಂಬ ಇಂದಿನ ಚರ್ಚೆಯ ಮೂಲದಲ್ಲಿರುವುದು ಈ ಹಳೆಯ ಭೇದವೇ. ರಕ್ಷಣೆಯೆಂದರೆ ಕಾವಲೆ, ಅಥವಾ ವಿಚಾರಣೆಯೆ? ಹೆಣ್ಣಿಗೆ ಬೇಕಾಗಿರುವುದು ಆಕೆಗಾಗಿ ಕಾದುವವನೆ, ಅಥವಾ ಆಕೆಯ ಮಾತನ್ನು ಕೇಳಿ ಬರೆದುಕೊಂಡು ತೀರ್ಮಾನಿಸುವ ಸ್ಥಾನವೆ? ಬೆಳಗಾವಿ ಜಿಲ್ಲೆಯ ವಾಯವ್ಯ ಮತ್ತು ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಎಂಬ ಐದು ತಾಲ್ಲೂಕುಗಳ ಚರಿತ್ರೆಯನ್ನು ಕಣ್ಣೆದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಕೃಷ್ಣೆ ದೂಧಗಂಗೆಯರ ನೀರುಂಡ ಈ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಮನೆಯಲ್ಲಿ ಕೇಳಿಬರುತ್ತವೆ. ನಿಪ್ಪಾಣಿಯು ಈಚಿನವರೆಗೆ ಚಿಕ್ಕೋಡಿ ತಾಲ್ಲೂಕಿಗೂ ಕಾಗವಾಡವು ಅಥಣಿ ತಾಲ್ಲೂಕಿಗೂ ಸೇರಿದ್ದುವು.

೨

ಶಾಸನಗಳಿಂದ ಧರ್ಮಶಾಸ್ತ್ರಕ್ಕೆ ಬಂದರೆ ಮೇಲ್ಕಂಡ ಭೇದವು ಇನ್ನೂ ಸ್ಫುಟವಾಗುತ್ತದೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ, ಎಂದರೆ ೧೦೭೬ರಿಂದ ೧೧೨೬ರವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸ್ತ್ರೀಸಂಗ್ರಹಣವೆಂಬ ಪ್ರಕರಣವೊಂದುಂಟು. ಅದರಲ್ಲಿ ದಂಡವು ಅಪರಾಧದ ಕ್ರೌರ್ಯವನ್ನು ಮಾತ್ರ ಅನುಸರಿಸಿ ನಿರ್ಣಯವಾಗುವುದಿಲ್ಲ. ಪುರುಷನ ಮತ್ತು ಸ್ತ್ರೀಯ ವರ್ಣಗಳನ್ನು ತೂಗಿ ನೋಡಿ ನಿರ್ಣಯವಾಗುತ್ತದೆ. ಸಮಾನವರ್ಣದಲ್ಲಿ ಉತ್ತಮಸಾಹಸವೆಂಬ ದಂಡ. ಸ್ತ್ರೀಯು ಕೆಳಗಿನ ವರ್ಣದವಳಾದರೆ ಮಧ್ಯಮ. ಮೇಲಿನ ವರ್ಣದವಳಾದರೆ ಪುರುಷನಿಗೆ ವಧೆ. ಉತ್ತಮಸಾಹಸವೆಂದರೆ ೧೦೮೦ ಪಣಗಳೆಂದು ಅದೇ ಸ್ಮೃತಿಯು ಹೇಳುತ್ತದೆ. ದಾಸಿಯನ್ನು ಬಲಾತ್ಕರಿಸಿದವನಿಗಾದರೋ ಅದರಲ್ಲಿ ವಿಧಿಸಿರುವುದು ಕೇವಲ ೧೦ ಪಣ. ಒಲ್ಲದ ದಾಸಿಯನ್ನು ಹಲವರು ಕೂಡಿ ಕೆಡಿಸಿದರೆ ಒಬ್ಬೊಬ್ಬನಿಗೆ ೨೪ ಪಣ.

ಈ ಲೆಕ್ಕವನ್ನು ಕಂಡು ಹಿಂದಿನವರನ್ನು ಹಳಿಯುವುದು ಇತಿಹಾಸಕಾರನ ಕೆಲಸವಲ್ಲ. ಲೆಕ್ಕದ ಒಳಗಿರುವ ತತ್ತ್ವವನ್ನು ಗ್ರಹಿಸುವುದು ಆತನ ಕೆಲಸ. ಸಾವಿರದ ಎಂಬತ್ತಕ್ಕೂ ಹತ್ತಕ್ಕೂ ಇರುವ ಅಂತರವು ನೋವಿನ ಅಂತರವಲ್ಲ, ಒಡೆತನದ ಮತ್ತು ಕುಲದ ಅಂತರ. ಅಪರಾಧವು ನಡೆದುದು ಹೆಣ್ಣಿನ ಮೈಮೇಲಾದರೂ, ಅದರ ಹಾನಿಯನ್ನು ಎಣಿಸಿದ್ದು ಆಕೆಯ ಕುಲದ, ಗಂಡನ ಅಥವಾ ಒಡೆಯನ ಪಾಲಿಗೆ. ಆಕೆಯ ಒಲ್ಲದಿರುವಿಕೆಯು ಶಾಸ್ತ್ರಕಾರರಿಗೆ ತಿಳಿಯದ ವಿಷಯವಾಗಿರಲಿಲ್ಲ. ದಾಸಿಯ ವಿಷಯದಲ್ಲಿ ಅದನ್ನು ಅವರು ಸ್ಪಷ್ಟವಾಗಿಯೇ ಗುರುತಿಸಿದ್ದಾರೆ. ಆದರೆ ಅಪರಾಧದ ಭಾರವು ನಿಂತದ್ದು ಅದರ ಮೇಲಲ್ಲ.

ಕನ್ನಡದ ಶಬ್ದಗಳಲ್ಲಿಯೂ ಇದೇ ಸ್ಥಿತಿಯು ಕಾಣುತ್ತದೆ. ಈ ಅಪರಾಧವನ್ನು ಹೇಳಲು ಬಳಕೆಯಲ್ಲಿರುವ ಮಾತುಗಳಲ್ಲಿ 'ಅತ್ಯಾಚಾರ'ವು ಆಚಾರದ ಮಿತಿಯನ್ನು ಮೀರಿದ್ದನ್ನು ಹೇಳುತ್ತದೆ. 'ಬಲಾತ್ಕಾರ'ವು ಬಲಪ್ರಯೋಗವನ್ನು ಹೇಳುತ್ತದೆ. 'ಮಾನಭಂಗ'ವು ಮಾನವು ಮುರಿದುದನ್ನು ಹೇಳುತ್ತದೆ. ಕಡೆಯ ಶಬ್ದವು ಅತ್ಯಂತ ಅನರ್ಥಕಾರಿಯಾದುದು. ಕೆಟ್ಟ ಕೆಲಸವನ್ನು ಮಾಡಿದವನು ಒಬ್ಬನು, ಮಾನವನ್ನು ಕಳೆದುಕೊಂಡವಳು ಇನ್ನೊಬ್ಬಳು ಎಂಬ ಭಾವನೆಯು ಅದರಲ್ಲಿ ಅಡಗಿದೆ. ಮಾನವು ಹೋಗುವುದು ಹೆಣ್ಣಿಗೆ ಎಂದಮೇಲೆ ಆಕೆ ಬಾಯಿಬಿಡದಿರುವುದೇ ಮಾನವನ್ನು ಉಳಿಸಿಕೊಳ್ಳುವ ಉಪಾಯವೆಂದು ಮನೆಯವರು ತಿಳಿಯುವುದು ಸಹಜವಾಯಿತು. ಭಾಷೆಯನ್ನು ಬೋಧಿಸುವವರು ಈ ಮೂರು ಶಬ್ದಗಳ ಅರ್ಥಭೇದವನ್ನು ತರಗತಿಯಲ್ಲಿ ವಿವರಿಸಿದರೆ ಅದು ಶಬ್ದಾರ್ಥಪಾಠವೂ ಆದೀತು, ಎಚ್ಚರಿಕೆಯೂ ಆದೀತು.

೩

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯು ಒಂದೇ ಆಳಿಕೆಗೆ ಒಳಪಟ್ಟಿರಲಿಲ್ಲ. ಚಿಕ್ಕೋಡಿ ಅಥಣಿಗಳು ಮುಂಬಯಿ ಆಧಿಪತ್ಯದ ಬೆಳಗಾವಿ ಜಿಲ್ಲೆಗೆ ಸೇರಿದ್ದುವು. ರಾಯಬಾಗವು ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಸಂಸ್ಥಾನವು ೧೯೪೯ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ, ಕೆಲವೇ ಹರದಾರಿಗಳ ಅಂತರದಲ್ಲಿ ಎರಡು ಬಗೆಯ ಕಾಯಿದೆಗಳು ನಡೆಯುತ್ತಿದ್ದುವು.

ಬ್ರಿಟಿಷ್ ಇಂಡಿಯದ ದಂಡಸಂಹಿತೆಯು ೧೮೬೦ರಲ್ಲಿ ಅಂಗೀಕೃತವಾಯಿತು. ದಂಡವನ್ನು ವರ್ಣಾನುಸಾರವಾಗಿ ಏರಿಳಿಸುವ ಪದ್ಧತಿಯನ್ನು ಅದು ಕೈಬಿಟ್ಟಿತು. ಸ್ತ್ರೀಯ ಇಚ್ಛೆ ಮತ್ತು ಸಮ್ಮತಿಗಳನ್ನು ಅಪರಾಧದ ಲಕ್ಷಣದಲ್ಲಿಯೇ ಸೇರಿಸಿತು. ತತ್ತ್ವದಲ್ಲಿ ಇದು ಮಹತ್ತರವಾದ ಮಾರ್ಪಾಡು. ಆದರೆ ೧೮೭೨ನೆಯ ಸಾಕ್ಷ್ಯದ ಕಾಯಿದೆಯ ೧೫೫ನೆಯ ಕಲಮಿನಲ್ಲಿ, ಅತ್ಯಾಚಾರದ ಮೊಕದ್ದಮೆಯಲ್ಲಿ ದೂರು ಕೊಟ್ಟವಳ ಮಾತನ್ನು ಸುಳ್ಳೆನಿಸುವುದಕ್ಕಾಗಿ ಆಕೆಯು ಸಾಮಾನ್ಯವಾಗಿ ದುರ್ನಡತೆಯವಳೆಂದು ತೋರಿಸಲು ಅವಕಾಶವನ್ನಿಟ್ಟರು. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈ ಕಸಿದುಕೊಂಡಂತಾಯಿತು. ಹೆಣ್ಣು ನ್ಯಾಯಸ್ಥಾನಕ್ಕೆ ಬಂದು ಮಾತನಾಡಬಹುದು. ಆದರೆ ಬಂದೊಡನೆ ವಿಚಾರಣೆಯು ಆರೋಪಿಯನ್ನು ಬಿಟ್ಟು ಆಕೆಯ ಕಡೆಗೆ ತಿರುಗಬಹುದು. ಈ ಅವಕಾಶವನ್ನು ತೆಗೆದುಹಾಕಿದುದು ೨೦೦೨ನೆಯ ವರ್ಷದ ತಿದ್ದುಪಡಿಯಲ್ಲಿ. ಎಂದರೆ ನೂರಮೂವತ್ತು ವರ್ಷಗಳ ಕಾಲ ದೂರುಗಾರ್ತಿಯ ನಡತೆಯು ಕಾನೂನಿನ ಒಪ್ಪಿಗೆಯಿಂದಲೇ ಚರ್ಚೆಯ ವಸ್ತುವಾಗಿತ್ತು.

ಇದೇ ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಗಳು ಹುಟ್ಟಿದುವು. ೧೮೪೮ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ಪಾಠ ಹೇಳಲು ನಡೆದುಹೋಗುತ್ತಿದ್ದಾಗ ದಾರಿಯಲ್ಲಿ ಜನರು ಬೈಗುಳನ್ನಾಡಿ ಕೆಸರು ಸೆಗಣಿಗಳನ್ನೆರಚುತ್ತಿದ್ದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಮಹಾರಾಷ್ಟ್ರದಲ್ಲಿಯೂ ಅದರ ಸೆರಗಿನಲ್ಲಿರುವ ಈ ಕನ್ನಡ ತಾಲ್ಲೂಕುಗಳಲ್ಲಿಯೂ ಚಿರಪರಿಚಿತವಾದ ಈ ವೃತ್ತಾಂತವು ಒಂದು ಸತ್ಯವನ್ನು ಸೂಚಿಸುತ್ತದೆ: ಹೆಣ್ಣಿನ ವಿದ್ಯೆಗೆ ಮೊದಲ ತಡೆ ಬಂದುದು ಶಾಲೆಯ ಒಳಗಲ್ಲ, ಶಾಲೆಯ ದಾರಿಯಲ್ಲಿ. ಕೊಲ್ಹಾಪುರದ ಶಾಹು ಮಹಾರಾಜರು ೧೯೧೭ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು. ೧೯೧೯ರಲ್ಲಿ ಸ್ತ್ರೀಯರನ್ನು ಕ್ರೌರ್ಯದಿಂದ ನಡೆಯಿಸಿಕೊಳ್ಳುವುದನ್ನು ತಡೆಯುವ ಕಾಯಿದೆಯನ್ನು ಮಾಡಿದರು. ರಾಯಬಾಗವು ಈ ಸಂಸ್ಥಾನದ ಭಾಗವಾಗಿದ್ದುದರಿಂದ, ಶಿಕ್ಷಣವೂ ರಕ್ಷಣೆಯೂ ಒಂದೇ ರಾಜನೀತಿಯ ಎರಡು ಮುಖಗಳೆಂಬ ವಿಚಾರವು ಈ ಸೀಮೆಗೆ ಹೊಸದಲ್ಲವೆಂದು ಹೇಳಬಹುದು.

ಆದರೆ ಇದೇ ಸೀಮೆಯಲ್ಲಿ ಎಳೆಯ ಹೆಣ್ಣುಮಕ್ಕಳನ್ನು ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ಪದ್ಧತಿಯೂ ನಡೆದುಬಂದಿತ್ತು. ಅಥಣಿ ತಾಲ್ಲೂಕಿನ ಕೋಕಟನೂರಿನ ಜಾತ್ರೆಯು ಈ ಕಾರಣದಿಂದ ಸುಧಾರಕರ ಗಮನಕ್ಕೆ ಬಂದುದುಂಟು. ಮುಂಬಯಿ ಸರಕಾರವು ೧೯೩೪ರಲ್ಲಿಯೂ ಕರ್ನಾಟಕ ಸರಕಾರವು ೧೯೮೨ರಲ್ಲಿಯೂ ಇದರ ವಿರುದ್ಧ ಕಾಯಿದೆಗಳನ್ನು ಮಾಡಿದುವು. ಮುತ್ತು ಕಟ್ಟಿಸಿಕೊಂಡ ಬಾಲಿಕೆಯ ವಿಷಯದಲ್ಲಿ ಒಪ್ಪಿಗೆಯನ್ನು ಹಿರಿಯರು ಮೊದಲೇ ಕೊಟ್ಟುಬಿಟ್ಟಿರುತ್ತಿದ್ದರು. ಆಕೆ ಮೊರೆಯಿಟ್ಟರೂ ಅದು ಮೊರೆಯೆಂದು ಎಣಿಕೆಗೆ ಬರುತ್ತಿರಲಿಲ್ಲ. ವಿಜ್ಞಾನೇಶ್ವರನ ಕಾಲದ ಹತ್ತು ಪಣದ ಲೆಕ್ಕವು ಬೇರೆ ವೇಷದಿಂದ ಇಪ್ಪತ್ತನೆಯ ಶತಮಾನದವರೆಗೂ ಉಳಿದುಬಂದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಾಗಿಲ್ಲ.

೪

ಮೊರೆಯು ಸಂಘಟಿತವಾದ ದೂರಾಗಿ ಮಾರ್ಪಟ್ಟುದು ಈ ಸೀಮೆಯಲ್ಲಿ ವಿದ್ಯಾಲಯಗಳಲ್ಲಿ ಅಲ್ಲ, ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ. ಬೀಡಿಯ ತಂಬಾಕಿಗೆ ಹೆಸರಾದ ಆ ಪಟ್ಟಣದಲ್ಲಿ ಸಾವಿರಾರು ಹೆಂಗಸರು ತಂಬಾಕನ್ನು ಕುಟ್ಟಿ, ಜರಡಿಯಾಡಿ, ಧೂಳನ್ನು ಕುಡಿದು ಜೀವಿಸುತ್ತಿದ್ದರು. ೧೯೮೦ರ ಆಚೀಚಿನ ವರ್ಷಗಳಲ್ಲಿ ಅವರು ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದಲ್ಲಿ ಒಟ್ಟುಗೂಡಿದರು. ಕೂಲಿಯ ಕೊರತೆ, ಕೆಲಸದ ಅನಿಶ್ಚಯ, ಉಸಿರಾಟದ ರೋಗ ಇವುಗಳ ಜತೆಯಲ್ಲಿ, ಕೆಲಸದ ಸ್ಥಳದಲ್ಲಿ ತಮ್ಮ ಮೇಲೆ ನಡೆಯುತ್ತಿದ್ದ ಲೈಂಗಿಕ ಕಿರುಕುಳವನ್ನೂ ಅವರು ಬಾಯಿಬಿಟ್ಟು ಹೇಳಿದರು. ಯುಗಾಂತರ ಎಂಬ ಸ್ತ್ರೀಯರ ಚಿತ್ರಸಮೂಹವು ಅವರ ನಡುವೆ ಕೆಲವು ತಿಂಗಳು ಇದ್ದು ೧೯೮೨ರಲ್ಲಿ 'ತಂಬಾಕೂ ಚಾಕಿಲಾ ಓಬ ಆಲೀ' ಎಂಬ ಮರಾಠಿ ಹೆಸರಿನ ಸಾಕ್ಷ್ಯಚಿತ್ರವನ್ನು ತೆಗೆಯಿತು. ಛಾಯಾ ದಾತಾರರು ೧೯೮೯ರಲ್ಲಿ ಈ ಚಳವಳಿಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು.

ಇತಿಹಾಸದ ದೃಷ್ಟಿಯಿಂದ ಇದರಲ್ಲಿ ಹೊಸದೇನೆಂದರೆ, ಇಲ್ಲಿ ವೀರನಿಲ್ಲ. ಮೊರೆಯನ್ನು ಕೇಳಿ ಓಡಿಬಂದು ಮಡಿದವನ ಕಥೆಯಲ್ಲ ಇದು. ಮೊರೆಯಿಟ್ಟವರೇ ಒಬ್ಬರಿಗೊಬ್ಬರು ಸಾಕ್ಷಿಗಳಾಗಿ ನಿಂತ ಕಥೆ. ಒಬ್ಬಳೇ ಹೇಳಿದ್ದರೆ ಆಕೆಯ ಕೆಲಸವೂ ಹೋಗುತ್ತಿತ್ತು, ಹೆಸರೂ ಕೆಡುತ್ತಿತ್ತು. ನೂರು ಮಂದಿ ಹೇಳಿದಾಗ ಅದು ಹೆಸರು ಕೆಡುವ ಮಾತಾಗದೆ ಕೂಲಿಯಂತೆಯೇ ಒಂದು ಬೇಡಿಕೆಯಾಯಿತು. ಕಿರುಕುಳವು ಮಾನದ ವಿಷಯವಲ್ಲ, ಹಕ್ಕಿನ ವಿಷಯ ಎಂಬುದನ್ನು ಓದುಬರಹ ಬಾರದ ಆ ಹೆಂಗಸರು ಕಾಯಿದೆಗಿಂತ ಮೊದಲೇ ಕಂಡುಕೊಂಡಿದ್ದರು.

ಅದೇ ಹೊತ್ತಿನಲ್ಲಿ ದೇಶದ ವಿಶ್ವವಿದ್ಯಾನಿಲಯಗಳಲ್ಲಿಯೂ ಒಂದು ಎಚ್ಚರವು ಮೂಡಿತು. ೧೯೭೨ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪೋಲೀಸು ಠಾಣೆಯೊಂದರಲ್ಲಿ ಆದಿವಾಸಿ ಬಾಲಿಕೆಯ ಮೇಲೆ ನಡೆದ ಅತ್ಯಾಚಾರದ ಮೊಕದ್ದಮೆಯಲ್ಲಿ, ಆಕೆಯು ಪ್ರತಿಭಟಿಸಿದುದಕ್ಕೆ ಮೈಮೇಲೆ ಗುರುತುಗಳಿಲ್ಲವೆಂಬುದು ಮೊದಲಾದ ಕಾರಣಗಳಿಂದ, ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ೧೯೭೯ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಮ್‌ವಾರ್ ಎಂಬ ನಾಲ್ವರು ನ್ಯಾಯಶಾಸ್ತ್ರದ ಅಧ್ಯಾಪಕರು ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರವನ್ನು ಬರೆದು, ಹೆದರಿ ಮಣಿಯುವುದು ಸಮ್ಮತಿಯಲ್ಲವೆಂದು ವಾದಿಸಿದರು. ಆ ಪತ್ರದಿಂದ ಎದ್ದ ಚರ್ಚೆಯ ಫಲವಾಗಿ ೧೯೮೩ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಬಂಧನದಲ್ಲಿರುವವಳ ಮೇಲಿನ ಅತ್ಯಾಚಾರವೇ ಮೊದಲಾದ ಕೆಲವು ಪ್ರಕರಣಗಳಲ್ಲಿ, ಸಂಭೋಗವು ಸಿದ್ಧಪಟ್ಟು, ತಾನು ಸಮ್ಮತಿಸಿರಲಿಲ್ಲವೆಂದು ಸ್ತ್ರೀಯು ಹೇಳಿದರೆ, ನ್ಯಾಯಾಲಯವು ಹಾಗೆಯೇ ಭಾವಿಸತಕ್ಕದ್ದೆಂದು ವಿಧಿಸಲಾಯಿತು. ನೊಂದವಳ ಗುರುತನ್ನು ಪ್ರಕಟಿಸುವುದು ಅಪರಾಧವಾಯಿತು. ಅಧ್ಯಾಪಕರು ಬರೆದ ಒಂದು ಪತ್ರವು ಇಷ್ಟನ್ನು ಮಾಡಿಸಿತೆಂಬುದು ಅಧ್ಯಾಪಕ ವರ್ಗಕ್ಕೆ ಮರೆಯಲಾಗದ ಸಂಗತಿ.

೫

ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದ ಗ್ರಾಮಕಾರ್ಯಕರ್ತೆಯೊಬ್ಬಳ ಮೇಲೆ ೧೯೯೨ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಹಿನ್ನೆಲೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ೧೯೯೭ರ ಆಗಸ್ಟ್ ೧೩ರಂದು ವಿಶಾಖಾ ತೀರ್ಪನ್ನು ಕೊಟ್ಟಿತು. ಪ್ರತಿಯೊಂದು ಕೆಲಸದ ಸ್ಥಳದಲ್ಲಿಯೂ ಮಹಿಳೆಯ ಅಧ್ಯಕ್ಷತೆಯ ದೂರು ಸಮಿತಿ ಇರತಕ್ಕದ್ದೆಂದು ಅದು ವಿಧಿಸಿತು. ೨೦೧೨ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಬಸ್ಸಿನಲ್ಲಿ ಘೋರವಾದ ಅತ್ಯಾಚಾರಕ್ಕೆ ಗುರಿಯಾಗಿ ಮಡಿದ ತರುವಾಯ, ನ್ಯಾಯಮೂರ್ತಿ ವರ್ಮಾ ಸಮಿತಿಯು ೨೦೧೩ರ ಜನವರಿಯಲ್ಲಿ ವರದಿಯನ್ನೊಪ್ಪಿಸಿತು. ಅದೇ ವರ್ಷ ದಂಡಸಂಹಿತೆಗೆ ಹಿಂಬಾಲಿಸುವುದು, ಗುಟ್ಟಾಗಿ ನೋಡುವುದು ಮುಂತಾದ ಹೊಸ ಅಪರಾಧಗಳು ಸೇರಿದುವು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ ಪ್ರತ್ಯೇಕ ಕಾಯಿದೆಯೂ ಬಂದಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 'ಸಕ್ಷಮ್' ಎಂಬ ವರದಿಯನ್ನು ಹೊರಡಿಸಿತು. ಈ ಎಲ್ಲದರ ಫಲವಾಗಿ ಉಚ್ಚಶಿಕ್ಷಣ ಸಂಸ್ಥೆಗಳಿಗೆ ೨೦೧೫ರ ನಿಯಮಾವಳಿಯು ಏರ್ಪಟ್ಟಿತು.

ಈ ನಿಯಮಾವಳಿಯ ರಚನೆಯು ಗಮನಾರ್ಹವಾದುದು. ಪ್ರತಿಯೊಂದು ಕಾಲೇಜಿನಲ್ಲಿಯೂ ಆಂತರಿಕ ದೂರು ಸಮಿತಿ ಇರಬೇಕು. ಅದಕ್ಕೆ ಹಿರಿಯ ಅಧ್ಯಾಪಕಿಯೊಬ್ಬರು ಅಧ್ಯಕ್ಷೆ. ಇಬ್ಬರು ಅಧ್ಯಾಪಕರು, ಇಬ್ಬರು ಅಧ್ಯಾಪಕೇತರ ನೌಕರರು ಸದಸ್ಯರು. ವಿಷಯವು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು. ಜತೆಗೆ ಸಂಸ್ಥೆಗೆ ಹೊರಗಿನವರೊಬ್ಬರು. ಸದಸ್ಯರಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಸ್ತ್ರೀಯರಿರಬೇಕು. ಕುಲಪತಿ, ಕುಲಸಚಿವ, ವಿಭಾಗದ ಮುಖ್ಯಸ್ಥ ಮೊದಲಾದ ಅಧಿಕಾರಸ್ಥರು ಸದಸ್ಯರಾಗಕೂಡದು. ದೂರನ್ನು ಘಟನೆಯಿಂದ ಮೂರು ತಿಂಗಳೊಳಗಾಗಿ ಬರೆದುಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಧಿ ದೊರೆಯುತ್ತದೆ. ದೂರಿನ ಪ್ರತಿಯನ್ನು ಏಳು ದಿನಗಳಲ್ಲಿ ಎದುರುಪಕ್ಷದವನಿಗೆ ಕಳುಹಿಸಬೇಕು. ಆತನಿಗೆ ಉತ್ತರ ಕೊಡಲು ಏಳು ದಿನ. ವಿಚಾರಣೆಯು ೯೦ ದಿನಗಳಲ್ಲಿ ಮುಗಿಯಬೇಕು. ವರದಿಯು ಅಲ್ಲಿಂದ ೧೦ ದಿನಗಳಲ್ಲಿ. ಅಧಿಕಾರಿಗಳ ಕ್ರಮವು ೩೦ ದಿನಗಳಲ್ಲಿ. ದೂರನ್ನು ಸಿದ್ಧಪಡಿಸಲಾಗಲಿಲ್ಲವೆಂಬ ಮಾತ್ರಕ್ಕೆ ಅದನ್ನು ಸುಳ್ಳು ದೂರೆಂದು ಭಾವಿಸಕೂಡದು.

ಇದರ ಕೇಂದ್ರದಲ್ಲಿರುವ ಮಾತು 'ಬೇಡವಾದ ವರ್ತನೆ' ಎಂಬುದು. ಮುಟ್ಟುವುದಾಗಲಿ, ಅಶ್ಲೀಲವಾದ ನುಡಿಯಾಗಲಿ, ಚಿತ್ರವಾಗಲಿ, ಅಂಕಗಳ ಆಸೆಯಿಂದಲೋ ಬೆದರಿಕೆಯಿಂದಲೋ ಮಾಡಿದ ಕೇಳಿಕೆಯಾಗಲಿ, ಅದು ಆಕೆಗೆ ಬೇಡವಾಗಿದ್ದಿತೆ ಎಂಬುದೇ ವಿಚಾರಣೆಯ ಮುಖ್ಯ ಪ್ರಶ್ನೆ. ಸ್ಮೃತಿಕಾರರು ಹತ್ತು ಪಣಗಳ ಮೂಲೆಗೆ ತಳ್ಳಿದ್ದ ಒಲ್ಲದಿರುವಿಕೆಯು ಇಲ್ಲಿ ಮಧ್ಯಸ್ಥಾನಕ್ಕೆ ಬಂದಿದೆ. ಅಪರಾಧವು ಗುರುತರವಾಗಿದ್ದರೆ ಸಮಿತಿಯ ವಿಚಾರಣೆಯು ಪೋಲೀಸು ದೂರಿಗೆ ಬದಲಾಗಿ ನಿಲ್ಲುವಂಥದಲ್ಲ. ಆ ದಾರಿಯನ್ನು ಹಿಡಿಯುವವಳಿಗೆ ನೆರವಾಗುವುದು ಸಂಸ್ಥೆಯ ಕರ್ತವ್ಯವೆಂದು ನಿಯಮಾವಳಿಯೇ ಹೇಳುತ್ತದೆ.

೬

ನಿಯಮವು ಹೀಗಿದ್ದರೂ ಕಾವಲಿನ ಹಳೆಯ ಭಾವನೆಯು ಅಳಿದುಹೋಗಿಲ್ಲ. ೨೦೧೨ರ ಅಕ್ಟೋಬರಿನಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಪ್ರದೇಶದಲ್ಲಿ ಕಾನೂನು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರವು ನಡೆಯಿತು. ಆಕೆಯು ದೂರು ಕೊಟ್ಟು ಸಾಕ್ಷ್ಯ ನುಡಿದಳು. ೨೦೧೩ರಲ್ಲಿ ಅಪರಾಧಿಗಳಿಗೆ ಆಜೀವ ಕಾರಾಗೃಹವಾಸದ ಶಿಕ್ಷೆಯಾಯಿತು. ೨೦೨೧ರ ಆಗಸ್ಟಿನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಇನ್ನೊಬ್ಬ ವಿದ್ಯಾರ್ಥಿನಿಯು ಅಂಥದೇ ಕ್ರೌರ್ಯಕ್ಕೆ ಗುರಿಯಾದಳು. ಕೆಲವು ದಿನಗಳೊಳಗೆ ಮೈಸೂರು ವಿಶ್ವವಿದ್ಯಾನಿಲಯದಿಂದ ಸುತ್ತೋಲೆಯೊಂದು ಹೊರಟಿತು: ಸಂಜೆ ಆರೂವರೆಯ ಮೇಲೆ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯ ಆವರಣದಲ್ಲಿ ಒಬ್ಬೊಬ್ಬರೇ ತಿರುಗಾಡಕೂಡದೆಂದು. ವಿದ್ಯಾರ್ಥಿಗಳಿಂದಲೂ ಸಾರ್ವಜನಿಕರಿಂದಲೂ ಆಕ್ಷೇಪಣೆಗಳು ಬಂದುದರಿಂದ ಅದನ್ನು ಹಿಂದೆಗೆದುಕೊಂಡರು.

ಸುತ್ತೋಲೆಯನ್ನು ಹೊರಡಿಸಿದವರ ಉದ್ದೇಶವು ಕೆಟ್ಟದಾಗಿತ್ತೆಂದು ಹೇಳಬೇಕಾಗಿಲ್ಲ. ಆದರೆ ಅದರ ಫಲವನ್ನು ತೂಗಿ ನೋಡಬೇಕು. ಅಪರಾಧವು ಪುರುಷರದು, ನಿರ್ಬಂಧವು ಸ್ತ್ರೀಯರಿಗೆ. ಹೊತ್ತು ಮೀರಿ ಹೊರಗಿದ್ದವಳಿಗೆ ಕೇಡಾದರೆ ಆಕೆಯು ಮೊದಲು ನಿಯಮವನ್ನು ಮೀರಿದವಳಾಗುತ್ತಾಳೆ, ಅನಂತರ ನೊಂದವಳಾಗುತ್ತಾಳೆ. ಆಗ ದೂರು ಕೊಡಲು ಆಕೆಯ ಕಾಲು ಹಿಂದೆಗೆಯುತ್ತದೆ. ೧೮೭೨ರ ಸಾಕ್ಷ್ಯದ ಕಾಯಿದೆಯು ನ್ಯಾಯಸ್ಥಾನದಲ್ಲಿ ಮಾಡಿದುದನ್ನು ಇಂಥ ನಿಯಮವು ಕಾಲೇಜಿನ ಬಾಗಿಲಿನಲ್ಲಿ ಮಾಡುತ್ತದೆ. ಈ ಕಾರಣದಿಂದಲೇ ೨೦೧೫ರ ನಿಯಮಾವಳಿಯು, ಸುರಕ್ಷತೆಯ ನೆವದಿಂದ ವಿದ್ಯಾರ್ಥಿನಿಯರ ವಸತಿಗೃಹಗಳಿಗೆ ಪುರುಷ ವಿದ್ಯಾರ್ಥಿಗಳಿಗಿಲ್ಲದ ಭೇದಭಾವದ ಕಟ್ಟುಪಾಡುಗಳನ್ನು ವಿಧಿಸಕೂಡದೆಂದು ಸ್ಪಷ್ಟವಾಗಿ ಹೇಳಿದೆ. ದೀಪ, ಗಸ್ತು, ವಸತಿ ಇವು ಅಗತ್ಯವೇ. ಆದರೆ ಅವು ಬಾಯಿಯನ್ನು ಕಟ್ಟುವ ಕಾವಲಾಗಬಾರದು.

೭

ಈಗ ಐದು ತಾಲ್ಲೂಕುಗಳ ಕಡೆಗೆ ತಿರುಗಬಹುದು. ಇಲ್ಲಿನ ಉಚ್ಚಶಿಕ್ಷಣವು ೧೯೪೯ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಬೆಳೆದು, ೨೦೧೦ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಆದರೆ ನಿಪ್ಪಾಣಿಗೆ ಹೊಂದಿಕೊಂಡಂತಿರುವ ಅರ್ಜುನನಗರದ ದೇವಚಂದ ಕಾಲೇಜು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ನೆಲದಲ್ಲಿದ್ದು ಶಿವಾಜಿ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ನಿಪ್ಪಾಣಿಯ ಹುಡುಗಿಯು ಮನೆಯಲ್ಲಿರುವಾಗ ಒಂದು ರಾಜ್ಯದವಳು, ತರಗತಿಯಲ್ಲಿರುವಾಗ ಇನ್ನೊಂದು ರಾಜ್ಯದ ಠಾಣೆಯ ವ್ಯಾಪ್ತಿಯವಳು. ಹಿಂದೆ ರಾಯಬಾಗಕ್ಕೂ ಚಿಕ್ಕೋಡಿಗೂ ನಡುವೆ ಇದ್ದ ಎರಡು ಆಳಿಕೆಗಳ ಗಡಿಯು ಇಂದು ಹೀಗೆ ಮನೆಗೂ ಕಾಲೇಜಿಗೂ ನಡುವೆ ಬಂದು ನಿಂತಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮಿನಂತೆ, ಅಪರಾಧವು ಯಾವ ಪ್ರದೇಶದಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಿಯಾದರೂ ಮಾಹಿತಿಯನ್ನು ಕೊಡಬಹುದು. ಇದು ತಮ್ಮ ಹದ್ದಿನದಲ್ಲವೆಂದು ಠಾಣೆಯವರು ದೂರನ್ನು ತಿರುಗಿಸಿ ಕಳುಹಿಸುವಂತಿಲ್ಲ. ಗಡಿಯ ಊರಿನವರಿಗೆ ಈ ಒಂದು ಕಲಮಿನ ಅರಿವು ಹಲವು ಉಪನ್ಯಾಸಗಳಿಗಿ೦ತ ಹೆಚ್ಚಿನ ಪ್ರಯೋಜನವುಳ್ಳದ್ದು.

ಎರಡನೆಯದು ದಾರಿಯ ಪ್ರಶ್ನೆ. ಹಳ್ಳಿಗಳಿಂದ ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡಗಳ ಕಾಲೇಜುಗಳಿಗೆ ಬರುವ ಹುಡುಗಿಯರಿಗೆ ಸಾರಿಗೆಯ ಬಸ್ಸೇ ಆಧಾರ. ೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯ ಮೂಲಕ ರಾಜ್ಯದೊಳಗಿನ ಅವರ ಪ್ರಯಾಣಕ್ಕೆ ವೆಚ್ಚವೂ ಇಲ್ಲವಾಗಿದೆ. ೨೦೧೫ರ ನಿಯಮಾವಳಿಯು 'ಆವರಣ'ವೆಂಬ ಶಬ್ದಕ್ಕೆ ವಿಶಾಲವಾದ ಅರ್ಥವನ್ನು ಕೊಟ್ಟಿದೆ: ಗ್ರಂಥಾಲಯ, ಪ್ರಯೋಗಶಾಲೆ, ವಸತಿಗೃಹ, ಆಟದ ಬಯಲು, ಪ್ರವಾಸ, ಶಿಬಿರ ಎಲ್ಲವೂ ಅದರಲ್ಲಿ ಸೇರುತ್ತವೆ; ಹೋಗಿಬರಲು ಸಂಸ್ಥೆಯು ಒದಗಿಸಿದ ವಾಹನವೂ ಸೇರುತ್ತದೆ. ಸಂಸ್ಥೆಯು ಒದಗಿಸದ ಸಾರ್ವಜನಿಕ ಬಸ್ಸಿನ ಮಾತು ಮಾತ್ರ ಅದರಲ್ಲಿಲ್ಲ. ನಗರದ ವಸತಿವಿದ್ಯಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ ಲಕ್ಷಣವು ಗ್ರಾಮಾಂತರದ ವಿದ್ಯಾರ್ಥಿನಿಯನ್ನು ಬಸ್ಸಿನ ಮೆಟ್ಟಿಲಲ್ಲಿಯೇ ಬಿಟ್ಟುಬಿಡುತ್ತದೆ. ೧೮೪೮ರಲ್ಲಿ ಪುಣೆಯ ಬೀದಿಯಲ್ಲಿ ಕಂಡ ಸತ್ಯವು ಇಲ್ಲಿ ಮತ್ತೆ ಎದುರಾಗುತ್ತದೆ. ಅಲ್ಲಿ ಹಿಂಬಾಲಿಸಿದವನ ಮೇಲೆಯೂ ಕೈಮಾಡಿದವನ ಮೇಲೆಯೂ ಕಾಯಿದೆಯ ಕಲಮುಗಳು ನಡೆಯುತ್ತವೆಂಬುದು ನಿಜ. ಆದರೆ ಠಾಣೆಗೆ ಹೋಗುವುದಕ್ಕೆ ಮೊದಲು ಆಕೆಯ ಮಾತನ್ನು ಕೇಳಿ ದಾರಿ ತೋರಿಸುವವರು ಕಾಲೇಜಿನಲ್ಲಿ ಇರಬೇಡವೆ? ಹಿಂಬಾಲಿಸಿದವನು ಅದೇ ಕಾಲೇಜಿನವನಾದರಂತೂ ಬಸ್ಸು ತಮ್ಮದಲ್ಲವೆಂಬ ನೆಪದಿಂದ ಸಮಿತಿಯು ಕೈತೊಳೆದುಕೊಳ್ಳುವುದು ನಿಯಮದ ಆಶಯಕ್ಕೆ ಒಪ್ಪುವಂಥದಲ್ಲ.

ಮೂರನೆಯದೂ ಎಲ್ಲಕ್ಕಿಂತ ಗುರುತರವಾದುದೂ ಮನೆಯ ಪ್ರಶ್ನೆ. ಕಿರುಕುಳದ ಸಂಗತಿಯನ್ನು ತಂದೆತಾಯಿಗಳಿಗೆ ಹೇಳಿದರೆ ಮಾರನೆಯ ದಿನದಿಂದ ಕಾಲೇಜು ಬಿಡಿಸುವರೆಂಬ ಭಯವು ಹಳ್ಳಿಯ ವಿದ್ಯಾರ್ಥಿನಿಯ ಬಾಯಿಯನ್ನು ಕಟ್ಟುವಷ್ಟು ಬಲವಾಗಿ ಬೇರಾವ ಭಯವೂ ಕಟ್ಟುವುದಿಲ್ಲ. ಅಪರಾಧಿಯ ಕೃತ್ಯಕ್ಕೆ ಶಿಕ್ಷೆಯು ಆಕೆಯ ವಿದ್ಯೆಗೆ ಆಗುತ್ತದೆ. ಆದುದರಿಂದ ಸಮಿತಿಯಿದೆಯೆಂಬ ಫಲಕವನ್ನು ಗೋಡೆಗೆ ತಗುಲಿಸಿದರೆ ಸಾಲದು. ಸದಸ್ಯರ ಹೆಸರುಗಳನ್ನು ಕನ್ನಡದಲ್ಲಿಯೂ, ಬೇಕಾದೆಡೆ ಮರಾಠಿಯಲ್ಲಿಯೂ, ವರ್ಷಾರಂಭದಲ್ಲಿಯೇ ತಿಳಿಸಬೇಕು. ಗಂಡುಮಕ್ಕಳಿಗೂ ಕೂಡಿಸಿಯೇ ತಿಳಿಸಬೇಕು. ಪೋಷಕರ ಸಭೆಯಲ್ಲಿ, ಮಗಳನ್ನು ಕಾಲೇಜು ಬಿಡಿಸುವುದು ರಕ್ಷಣೆಯಲ್ಲವೆಂದು ಅಧ್ಯಾಪಕರು ಧೈರ್ಯವಾಗಿ ಹೇಳಬೇಕು. ನಿಪ್ಪಾಣಿಯ ಕೂಲಿಹೆಂಗಸರು ಒಬ್ಬರಿಗೊಬ್ಬರು ಸಾಕ್ಷಿಗಳಾದಂತೆ ವಿದ್ಯಾರ್ಥಿಗಳೂ ಆಗಬಹುದಾದರೆ ಸಮಿತಿಯ ಚುನಾಯಿತ ಸದಸ್ಯತ್ವವು ಬರಿಯ ಹೆಸರಾಗಿ ಉಳಿಯಲಾರದು.

ವೀರಗಲ್ಲಿನಲ್ಲಿ ಕೂಗಿದವಳ ಹೆಸರಿಲ್ಲ. ಇಂದಿನ ದೂರು ಸಮಿತಿಯ ಕಡತದಿಂದಲೂ ಆಕೆಯ ಹೆಸರು ಹೊರಕ್ಕೆ ಬರಕೂಡದು. ಮೇಲುನೋಟಕ್ಕೆ ಎರಡೂ ಒಂದೇ ಬಗೆಯಾಗಿ ಕಂಡರೂ ಇವೆರಡಕ್ಕೂ ಸಾವಿರ ವರ್ಷಗಳ ಅಂತರವುಂಟು. ಆಕೆಯ ಮಾತು ಲೆಕ್ಕಕ್ಕೆ ಬಾರದಿದ್ದುದರಿಂದ ಕಲ್ಲು ಹೆಸರನ್ನು ಬಿಟ್ಟಿತು. ಆಕೆಯು ನಿರ್ಭಯವಾಗಿ ಮಾತನಾಡಲೆಂದು ಕಾಯಿದೆಯು ಹೆಸರನ್ನು ಮರೆಮಾಡಿದೆ. ಕಲ್ಲಿನಲ್ಲಿ ಮೊರೆಯು ವೀರನ ಕೀರ್ತಿಗೆ ನಿಮಿತ್ತ ಮಾತ್ರವಾಗಿ ಉಳಿಯಿತು. ಕಡತದಲ್ಲಿ ಅದು ಆಕೆಯದೇ ಮಾತಾಗಿ, ತೊಂಬತ್ತು ದಿನಗಳ ಗಡುವುಳ್ಳ ಒಂದು ಪ್ರಶ್ನೆಯಾಗಿ, ಉತ್ತರಕ್ಕಾಗಿ ಕಾದಿರುತ್ತದೆ.